ಖರಾಬು ಹನ್ನೆರಡು ಗುಂಟೆ

ಮೊದಲ ಸಲದ ವೈವಾದಲ್ಲಿ ನಾನು ಫೇಲಾದಾಗ, ಪರೀಕ್ಷಕರಾಗಿದ್ದ ನಮ್ಮ ಕಾಲೇಜಿನ ಸೋಮನಾಥ್ ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ತಿಂಗಳು ತಿಂಗಳು ಬಾಡಿಗೆ ಬರುತ್ತಲ್ಲಮ್ಮ, ಈ ವಯಸ್ಸಲ್ಲಿ ನಿಮಗ್ಯಾಕೆ ಎಂಎ ತಲೆನೋವು?" ಎಂದರು. ಬೈದಿದ್ದರೆ ಪರವಾಗಿರಲಿಲ್ಲ. ಅವರು ನಿಜವಾಗಿಯೂ ಕನಿಕರದಿಂದಲೇ ಕೇಳಿದರು. ಅದು ನನಗೆ ತಡೆದುಕೊಳ್ಳಲಾಗಲಿಲ್ಲ.

ನನ್ನ ಹೆಸರು ಸೌಮ್ಯ. ಹೆಸರಿಗೂ ಸ್ವಭಾವಕ್ಕೂ ಸಂಬಂಧವಿಲ್ಲ ಎಂಬುದನ್ನು ನನ್ನ ಗಂಡ ನಂದಕುಮಾರ್ ಮದುವೆಯಾದ ವಾರದೊಳಗೇ ಪತ್ತೆ ಹಚ್ಚಿದರು. ವಯಸ್ಸು ನಲವತ್ತಾರು. ಬಿಟಿಎಂ ಲೇಔಟ್ ದಾಟಿ ಬನ್ನೇರುಘಟ್ಟ ರಸ್ತೆ ಕಡೆಗೆ ಬಂದರೆ ಬಿಳೇಕಹಳ್ಳಿ; ಈಗ ಹೆಸರಿನಲ್ಲಿ ಮಾತ್ರ ಹಳ್ಳಿ. ಅಲ್ಲಿ ನಮ್ಮದು ಮೂರು ಅಂತಸ್ತಿನ ಮನೆ. ಕೆಳಗೆ ನಾವಿಬ್ಬರು ಮತ್ತು ನಮ್ಮತ್ತೆ ಬೈರಮ್ಮ, ಮೇಲೆ ಬಾಡಿಗೆಯವರು. ಒಂದು ಕಾಲಕ್ಕೆ ಇವರದು ಹೊಲ ಉಳುವ ಮನೆತನ. ಜಮೀನು ಬಡಾವಣೆಗೆ ಹೋಗಿ ಸೈಟು ಬಂತು, ಸೈಟಿನ ಮೇಲೆ ಮನೆ ಎದ್ದಿತು. ಹತ್ತೊಂಬತ್ತಕ್ಕೆ ನನ್ನ ಮದುವೆಯಾದಾಗ ಬಿಎ ಎರಡನೇ ವರ್ಷದಲ್ಲಿದ್ದೆ, ಓದು ಅಲ್ಲಿಗೆ ನಿಂತಿತು. ಮಗಳು ಲಿಖಿತಾ ಕಾಲೇಜು ಸೇರಿದ ವರ್ಷ ನಾನು ಬಿಎ ಮುಗಿಸಿದೆ. ಅವಳು ಮದುವೆಯಾಗಿ ಸುಬ್ರಹ್ಮಣ್ಯಪುರಕ್ಕೆ ಹೋದ ವರ್ಷ ಜಯನಗರದ ಒಂದು ಸಂಜೆ ಕಾಲೇಜಿನಲ್ಲಿ ಇಂಗ್ಲಿಷ್ ಎಂಎಗೆ ಹೆಸರು ಬರೆಸಿದೆ.

ಎಂಎ ಕೊನೆಯಲ್ಲಿ ಎಲ್ಲರೂ ಒಂದೊಂದು ಪ್ರಬಂಧ ಬರೆದು, ಇಬ್ಬರು ಪರೀಕ್ಷಕರ ಮುಂದೆ ಕೂತು ಅವರ ಪ್ರಶ್ನೆಗಳಿಗೆ ಉತ್ತರಿಸಬೇಕು. ಅದಕ್ಕೇ ವೈವಾ ಎನ್ನುತ್ತಾರೆ. ಪ್ರಬಂಧದ ವಿಷಯಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಹಂಚಿದರು. ಎಸ್ ಅಕ್ಷರದ ತನಕ ಬರುವಷ್ಟರಲ್ಲಿ ಒಳ್ಳೆಯದೆಲ್ಲ ಖಾಲಿಯಾಗಿ, ಯಾರಿಗೂ ಬೇಡವಾದದ್ದೊಂದು ಉಳಿದಿತ್ತು: ಆರಂಭದ ಅಮೆರಿಕನ್ ಸಾಹಿತ್ಯದ ಮುಖ್ಯ ವಸ್ತುಗಳು. ನಾನು ಜೆರಾಕ್ಸ್ ಅಂಗಡಿಯಿಂದ ಒಂದು ಗೈಡು ತಂದು ಉರು ಹೊಡೆದೆ. ಒಂದು, ಅರಣ್ಯ. ಎರಡು, ದೈವಸಂಕಲ್ಪ. ಮೂರು, ಸೆರೆ ಮತ್ತು ಬಿಡುಗಡೆ. ನಾಲ್ಕು, ಅಲಂಕಾರವಿಲ್ಲದ ನೇರ ಶೈಲಿ. ಐದು, ಸ್ವಂತ ಶ್ರಮದಿಂದ ಮೇಲೆ ಬಂದ ಮನುಷ್ಯ. ವೈವಾದಲ್ಲಿ ಐದನ್ನೂ ಒಪ್ಪಿಸಿದೆ. ಸೋಮನಾಥ್ ಸರ್ ಕೇಳಿಸಿಕೊಂಡು, "ಸರಿ, ಈಗ ನಿಮ್ಮ ಮಾತಲ್ಲಿ ಹೇಳಿ" ಎಂದರು. ನಾನು ಮತ್ತೆ 'ಒಂದು, ಅರಣ್ಯ' ಎಂದೇ ಶುರು ಮಾಡಿದೆ. ನನ್ನ ಮಾತು ಎಂಬುದೊಂದು ಇದೆ ಎಂದು ಆವರೆಗೆ ನನಗೇ ಗೊತ್ತಿರಲಿಲ್ಲ.

ಇನ್ನೊಂದೇ ಅವಕಾಶ ಉಳಿದಿತ್ತು. ಆ ವರ್ಷಕ್ಕೆ ಹಳೆಯ ಸಿಲೆಬಸ್ ಮುಗಿಯುತ್ತಿತ್ತು. ಈ ಸಲವೂ ಹೋದರೆ ಮತ್ತೆ ಮೊದಲ ಸೆಮಿಸ್ಟರಿನಿಂದ ಶುರು ಮಾಡಬೇಕು. ಅಷ್ಟು ತಾಳ್ಮೆ ನನ್ನಲ್ಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಸಲ ಹೋದರೆ ಓದು ಮತ್ತೆ ನಿಂತ ಹಾಗೆಯೇ.

ಗೈಡನ್ನು ರದ್ದಿಗೆ ಹಾಕಿ ಮೂಲ ಪುಸ್ತಕಗಳನ್ನೇ ಹಿಡಿದು ಕೂತೆ. ನಾಲ್ಕು ನೂರು ವರ್ಷದ ಹಿಂದೆ ಹಡಗಿನಿಂದಿಳಿದು, ಆಮೇಲೆ ಗವರ್ನರ್ ಆಗಿ, ತನ್ನ ಜನರ ಚರಿತ್ರೆ ಬರೆದಿಟ್ಟ ಒಬ್ಬ. ಎಂಟು ಮಕ್ಕಳನ್ನು ಸಾಕುತ್ತ ಪದ್ಯ ಬರೆದ ಒಬ್ಬಳು. ಯುದ್ಧದಲ್ಲಿ ಸೆರೆ ಸಿಕ್ಕಿ ಹನ್ನೊಂದು ವಾರ ಅಲೆದು, ವಾಪಸು ಬಂದು ಅದನ್ನೇ ಪುಸ್ತಕ ಮಾಡಿದವಳು, ಒಬ್ಬ ಪಾದ್ರಿಯ ಹೆಂಡತಿ. ಗುಲಾಮನಾಗಿ ಮಾರಾಟವಾಗಿ, ಅಕ್ಷರ ಕಲಿತು, ತನ್ನ ಕಥೆಯನ್ನು ತಾನೇ ಹೇಳಿದವನು. ಮೊದಮೊದಲು ಪುಟಕ್ಕೆ ಅರವತ್ತು ಪದ ಗೊತ್ತಾಗುತ್ತಿರಲಿಲ್ಲ. ಆಮೇಲೆ ಇವರೆಲ್ಲ ನನಗೆ ನಮ್ಮ ಬೀದಿಯ ಜನರ ಹಾಗೆ ಪರಿಚಯವಾದರು, ಜಗಳವೂ ಶುರುವಾಯಿತು.

ಒಂದು ಸಂಗತಿಯನ್ನು ಓದಿ ಜೋರಾಗಿ ನಕ್ಕದ್ದುಂಟು. ಆ ಕಾಲದ ಅಮೆರಿಕದ ಕೆಲವು ಊರುಗಳಲ್ಲಿ ಚರ್ಚಿಗೆ ಸದಸ್ಯರಾಗಬೇಕಾದರೆ ಸಭೆಯ ಮುಂದೆ ನಿಂತು, ದೇವರ ಕೃಪೆ ನನಗೆ ಹೇಗೆ ಆಯಿತು ಎಂದು ವಿವರಿಸಬೇಕಿತ್ತು. ಕೇಳಿದವರು ನಂಬಿದರೆ ಒಳಗೆ, ನಂಬದಿದ್ದರೆ ಹೊರಗೆ. ನಮ್ಮತ್ತೆ ಮನೆ ಕೇಳಿಕೊಂಡು ಬಂದವರನ್ನು ಗೇಟಿನ ಹತ್ತಿರ ನಿಲ್ಲಿಸಿ ಮಾಡುವುದೂ ಇದನ್ನೇ. ಎರಡನೇ ಮಹಡಿಯ ಪ್ರಿಯಾಂಕಾ ಗದಗಿನ ಕಡೆಯವಳು, ಧಾರವಾಡದಲ್ಲಿ ಇಂಗ್ಲಿಷ್ ಓದಿ ಇಲ್ಲಿ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಅವಳು ಮನೆ ಕೇಳಲು ಬಂದ ದಿನ ಅತ್ತೆ ಮುಕ್ಕಾಲು ಗಂಟೆ ವಿಚಾರಣೆ ಮಾಡಿದ್ದರು.

"ಯಾವೂರವ್ವಾ? ಯಾರ್ಯಾರ್ ಬತ್ತಾರೆ ಮನ್ಗೆ? ದೇವ್ರು ದಿಂಡ್ರು ಅಂತ ನಂಬ್ಕೆ ಐತೋ ಇಲ್ವೋ?"

"ಐತ್ರೀ ಅಮ್ಮಾರ. ನಾವು ದಿನಾ ದೀಪ ಹಚ್ಚತೀವಿ."

ಅತ್ತೆ ನಂಬಿದರು, ಪ್ರಿಯಾಂಕಾ ಒಳಗೆ ಬಂದಳು. ನನ್ನ ಮಟ್ಟಿಗೆ ಅವಳು ಬಂದದ್ದು ಪುಣ್ಯ. ಭಾನುವಾರ ಬೆಳಗ್ಗೆ ಟೆರೇಸಿನ ಮೇಲೆ ಕೂತು, ನನ್ನ ಜೊತೆ ಪುಟ ಪುಟ ಓದುತ್ತಿದ್ದಳು. ಒಂದು ಪೈಸೆ ಕೇಳಲಿಲ್ಲ, ಬರೀ ಅವರೆಕಾಳಿನ ಉಪ್ಪಿಟ್ಟಿಗೆ ಮಾಡಿದಳು.

ನನ್ನ ಓದಿನ ಕ್ರಮ ಹೀಗಿತ್ತು. ಗೊತ್ತಿಲ್ಲದ ಪದದ ತಲೆಯ ಮೇಲೆ ಪೆನ್ಸಿಲಿನಿಂದ ಕನ್ನಡದ ಪದ ಬರೆಯುವುದು. ಡಿಕ್ಷನರಿ ಕೊಡುವ ಕನ್ನಡವನ್ನು ನಾನು ಜನ್ಮದಲ್ಲಿ ಆಡಿದವಳಲ್ಲ, ಹಾಗಾಗಿ ಅರ್ಥ ತಿಳಿದುಕೊಂಡು ಅತ್ತೆಯನ್ನು ಕೇಳುತ್ತಿದ್ದೆ. ಅತ್ತೆಗೆ ಎಪ್ಪತ್ತೇಳು. ಅಕ್ಷರ ಬರುವುದಿಲ್ಲ, ಪದಗಳಿಗೆ ಮಾತ್ರ ಬರವಿಲ್ಲ. ಗವರ್ನರ್ ತನ್ನ ಜನ ಇಳಿದ ನೆಲವನ್ನು ಮತ್ತೆ ಮತ್ತೆ 'ವಿಲ್ಡರ್ನೆಸ್' ಎಂದು ಕರೆಯುತ್ತಾನೆ. ಗೈಡಿನಲ್ಲಿ ಅರಣ್ಯ ಎಂದಿತ್ತು. ಆದರೆ ಅವನು ಹೇಳುತ್ತಿದ್ದುದು ಬರೀ ಮರಗಳ ಮಾತಲ್ಲ ಎಂದು ನನಗೆ ಅನುಮಾನ. ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಅತ್ತೆ, ಉಳದೆ, ಬಿತ್ತದೆ ಬಿದ್ದಿರೋ ಜಾಗ. ಯಾರ ಲೆಕ್ಕಕ್ಕೂ ಇಲ್ಲ. ಅದಕ್ಕೆ ಏನಂತಾರೆ?"

"ಖರಾಬು," ಎಂದರು ಅತ್ತೆ, ತಲೆ ಎತ್ತದೆ.

ನನಗೆ ಮಿಂಚು ಹೊಡೆದ ಹಾಗಾಯಿತು. ಪಹಣಿ ನೋಡಿದವರಿಗೆಲ್ಲ ಗೊತ್ತಿರುವ ಪದ. ಸರ್ವೆಯವರು ಬಂದು ಜಮೀನು ಅಳೆದು, ಇಷ್ಟು ಎಕರೆ ಸಾಗುವಳಿಗೆ ಯೋಗ್ಯ, ಇಷ್ಟು ಗುಂಟೆ ಖರಾಬು ಎಂದು ಬರೆಯುತ್ತಾರೆ. ಖರಾಬು ಎಂದು ಬರೆದರೆ ಆ ಜಾಗ ಬೆಳೆಗೆ ಬಾರದ್ದು, ಲೆಕ್ಕದಿಂದ ಹೊರಗಿನದು. ಬರೆದವರು ಅಲ್ಲಿ ಬಾಳಿದವರಲ್ಲ. ಗವರ್ನರ್ ಮಾಡಿದ್ದೂ ಅದನ್ನೇ! ಅವನು ಕಂಡದ್ದನ್ನು ಬರೆಯಲಿಲ್ಲ, ದಾಖಲೆ ಮಾಡಿದ. ಅವತ್ತೇ ಕೂತು ಕನ್ನಡದಲ್ಲಿ ಇಡೀ ಅಧ್ಯಾಯ ಬರೆದೆ. 'ವಲಸೆ ಬಂದವರು ಆ ನೆಲವನ್ನು ಖರಾಬು ಎಂದು ಬರೆದರು' ಎಂಬುದೇ ಅದರ ಮುಖ್ಯ ಮಾತು. ನನ್ನ ಯೋಚನೆ ಕನ್ನಡದಲ್ಲೇ ಬರುತ್ತಿತ್ತು. ಪ್ರಿಯಾಂಕಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಟೈಪು ಮಾಡಿಕೊಟ್ಟಳು. ಕೊನೆಯ ದಿನ ಹತ್ತಿರ ಬಂದಿತ್ತು, ನಾನು ಓದಿ ನೋಡಲಿಲ್ಲ. ಬೈಂಡು ಹಾಕಿಸಿ ಮೂರು ಪ್ರತಿ ಕಾಲೇಜಿಗೆ ಕೊಟ್ಟು ಬಂದೆ.

ವೈವಾಕ್ಕೆ ಎರಡು ದಿನ ಇದೆ ಎನ್ನುವಾಗ ನನ್ನ ಪ್ರತಿಯನ್ನು ಬಿಚ್ಚಿ ಕೂತೆ. ಹದಿನೇಳನೇ ಪುಟಕ್ಕೆ ಬಂದೆ. 'ದೆ ರೋಟ್ ದ ಲ್ಯಾಂಡ್ ಬ್ಯಾಡ್' ಎಂದು ಅಚ್ಚಾಗಿತ್ತು. ಅವರು ನೆಲವನ್ನು ಕೆಟ್ಟದಾಗಿ ಬರೆದರು! ಮುಂದಿನ ಪುಟದಲ್ಲಿ ಮತ್ತೆ ಬ್ಯಾಡ್. ಅದರ ಮುಂದೆ ಮತ್ತೆ. ಎಣಿಸಿದೆ, ಹನ್ನೊಂದು ಕಡೆ ಇತ್ತು. ಅಧ್ಯಾಯದ ತಲೆಬರಹವೇ 'ಬ್ಯಾಡ್ ಲ್ಯಾಂಡ್'. ಮೆಟ್ಟಿಲು ಹತ್ತಿ ಪ್ರಿಯಾಂಕಾಳ ಬಾಗಿಲು ಬಡಿದೆ.

"ಏನಮ್ಮ ಇದು? ಏನ್ ಬರ್ದಿದೀಯಾ ನೋಡು!"

ಅವಳು ಪುಟ ನೋಡಿ ಕಣ್ಣು ಬಿಟ್ಟಳು. "ಯಾಕ್ರೀ ಅಕ್ಕಾರ? ನೀವೇ ಖರಾಬ ಅಂತ ಬರದಿದ್ರಲ್ರೀ. ಖರಾಬ ಅಂದ್ರ ಕೆಟ್ಟದ್ದು ಅಲ್ಲೇನ್ರೀ? ಹಾಲು ಒಡದ್ರ ಖರಾಬ ಆತು ಅಂತೀವಿ, ತಬ್ಯತ್ ಖರಾಬ ಐತಿ ಅಂತೀವಿ."

"ಅದು ನಿಮ್ಮ ಕಡೆ! ಇಲ್ಲಿ ಖರಾಬು ಅಂದ್ರೆ ಪಹಣೀಲಿ ಬರೋದು. ಸರ್ವೆ ಮಾತು!"

"ನಮ್ಮ ಮನಿಯಾಗ ಹೊಲಾ ಇಲ್ರೀ ಅಕ್ಕಾರ. ಪಹಣಿ ನಾ ಯಾವತ್ತೂ ನೋಡಿಲ್ರೀ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಬಾಯಿಗೆ ಬಂದದ್ದನ್ನೆಲ್ಲ ಅಂದು ಕೆಳಗಿಳಿದೆ. ಹೊಲವಿದ್ದ ಮನೆತನ ಎಂಬ ಗತ್ತು ನನ್ನ ದನಿಯಲ್ಲಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಗಂಡ ಟೀವಿ ನೋಡುತ್ತಿದ್ದವರು, "ಹೋಗ್ಲಿ ಬಿಡು, ಒಂದ್ ಪದ ತಾನೆ" ಎಂದರು. ಅವರ ಮೇಲೂ ಹರಿಹಾಯ್ದೆ. ಪ್ರತಿಗಳು ಆಗಲೇ ಪರೀಕ್ಷಕರ ಕೈ ಸೇರಿದ್ದವು. ಇನ್ನು ತಿದ್ದುವಂತಿರಲಿಲ್ಲ. ಸೋಮನಾಥ್ ಸರ್ ಹದಿನೇಳನೇ ಪುಟ ಬಿಚ್ಚಿ ಮತ್ತೆ ಅದೇ ಕನಿಕರದಿಂದ ನನ್ನನ್ನು ನೋಡುವುದು ಕಣ್ಣಿಗೆ ಕಟ್ಟಿದ ಹಾಗಿತ್ತು.

ಮಾರನೆಯ ಬೆಳಗ್ಗೆ ಅತ್ತೆಗೆ ಕಾಫಿ ಕೊಡುವಾಗ, ನನ್ನ ಮೋರೆ ನೋಡಿ ಅವರೇ ಕೇಳಿದರು. ಹೇಳಿದೆ. ಅವರಿಗೆ ಅಮೆರಿಕದ ಕಥೆಗಿಂತ ಪ್ರಿಯಾಂಕಾಳನ್ನು ಅಳಿಸಿದ್ದು ದೊಡ್ಡದಾಗಿ ಕಂಡಿತು.

"ಆ ಮಗೀನ್ ಮ್ಯಾಲ್ಯಾಕ್ ಕೂಗಾಡ್ದೆ? ಅವ್ಳೇಳಿದ್ರಲ್ಲಿ ತಪ್ಪೇನೈತೆ? ನಮ್ ಖರಾಬ್ನೂ ಪಾಣೀಲಿ ಕೆಟ್ಟ ಜಾಗ ಅಂತ್ಲೇ ಬರ್ಕಂಡೋದ್ರು. ಹನ್ನೆರಡು ಗುಂಟೆ."

"ಹನ್ನೆರಡು ಗುಂಟೆ ಏನಿತ್ತು ಅತ್ತೆ ಅಲ್ಲಿ?" ಇಪ್ಪತ್ತೇಳು ವರ್ಷದಲ್ಲಿ ನಾನು ಅದನ್ನು ಕೇಳಿರಲೇ ಇಲ್ಲ.

"ಏನಿತ್ತಾ? ಕಣ ಇತ್ತು. ಹುಣ್ಸೆ ಮರ ಇತ್ತು. ನಿನ್ ಗಂಡ ನಡೆಯಕ್ ಕಲ್ತಿದ್ದೇ ಅಲ್ಲಿ. ಹಗೇವು ಇತ್ತು."

"ಹಗೇವಾ?"

"ರಾಗಿ ತುಂಬೋ ಗುಂಡಿ ಕಣಮ್ಮ. ಆಳ್ದಲ್ಲಿ ತೋಡಿ, ಹುಲ್ ಹಾಸಿ, ರಾಗಿ ಸುರ್ದು, ಮ್ಯಾಲೆ ಕಲ್ ಮುಚ್ಚಿ ಮಣ್ಣಾಕೋದು. ಮೂರ್ ವರ್ಸ ಮಳೆ ಇಲ್ದಿದ್ರೂ ಊರು ಉಣ್ಣದು. ಮ್ಯಾಲ್ ನಿಂತ್ಕಂಡ್ ನೋಡುದ್ರೆ ಏನೂ ಕಾಣ್ಸಾಕಿಲ್ಲ, ಬರೀ ಬಯಲು. ಸರ್ವೆಯವ್ನು ಅದ್ರ ಮ್ಯಾಲೇ ಸರಪಣಿ ಎಳ್ದ. ಬರ್ಕಂಡ. ಖರಾಬು."

ನಾನು ಲೋಟ ಕೆಳಗಿಟ್ಟೆ. ಆ ಗವರ್ನರನ ಚರಿತ್ರೆಯಲ್ಲಿ ಒಂದು ಘಟನೆ ಬರುತ್ತದೆ. ಇದು ಬರೀ ಪಾಳು ನೆಲ, ಕಾಡುಪ್ರಾಣಿಗಳ ಬೀಡು ಎಂದು ಬರೆಯುತ್ತಾನೆ. ಅದರ ಹಿಂದುಮುಂದೆಯೇ, ಅವನ ಜನ ಮರಳ ದಿಬ್ಬ ಅಗೆದು, ಯಾರೋ ಬುಟ್ಟಿಯಲ್ಲಿ ತುಂಬಿ ಹೂತಿಟ್ಟ ಮುಸುಕಿನ ಜೋಳ ತೆಗೆದುಕೊಂಡು ಹೋಗುತ್ತಾರೆ. ಮುಂದಿನ ವರ್ಷ ಅದನ್ನೇ ಬಿತ್ತಿ ಬದುಕುತ್ತಾರೆ. ದೇವರ ಕೃಪೆ ಎಂದು ಬರೆದುಕೊಳ್ಳುತ್ತಾರೆ. ಯಾರೂ ಇಲ್ಲದ ನೆಲದಲ್ಲಿ ಜೋಳ ಹೂತವರು ಯಾರು? ಈ ಪ್ರಶ್ನೆ ನನ್ನನ್ನು ಆರು ತಿಂಗಳಿನಿಂದ ಕಾಡುತ್ತಿತ್ತು. ಉತ್ತರ ಹೇಳುವವರು ಅಡುಗೆಮನೆಯ ಬಾಗಿಲಲ್ಲೇ ಕೂತು ಕಾಫಿ ಕುಡಿಯುತ್ತಿದ್ದರು.

"ಹಗೇವಿನೊಳಗೆ ಇಳಿತಾ ಇದ್ದೋರು ಯಾರತ್ತೆ?"

"ಪಿಳ್ಳಪ್ಪ. ಒಳ್ಗೆ ಗಾಳಿ ಇರಾಕಿಲ್ಲ, ದೀಪ ಇಳ್ಸಿ ನೋಡ್ಕಂಡು ಅವ್ನೇ ಇಳೀತಿದ್ದ. ಅಲ್ಲೇ ಹುಣ್ಸೆ ಮರದ್ ಮಗ್ಗುಲಲ್ಲಿ ಗುಡ್ಲು ಹಾಕಂಡಿದ್ದ, ಹೆಂಡ್ರು ಮಕ್ಕಳ್ ಕಟ್ಕಂಡು."

"ಜಮೀನು ಹೋದಾಗ ನಮಗೆ ಸೈಟು ಬಂತಲ್ಲ, ಅವರಿಗೆ?"

ಅತ್ತೆ ಲೋಟದ ತಳದ ಕಾಫಿ ಕುಡಿದು ಮುಗಿಸಿದರು. "ಅವ್ನಿಗೇನ್ ಕೊಡ್ತಾರೆ? ಅವ್ನಿದ್ದದ್ದು ಖರಾಬಲ್ಲಿ" ಎಂದರು. ಆಮೇಲೆ ತಾವು ಆಡಿದ್ದು ತಮಗೇ ಕೇಳಿಸಿತೋ ಏನೋ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಎಲ್ಗೋದ್ನೋ ಪಾಪ" ಎಂದರು.

ನಾನು ನೇರವಾಗಿ ಎರಡನೇ ಮಹಡಿಗೆ ಹೋಗಿ ಪ್ರಿಯಾಂಕಾಳ ಕೈ ಹಿಡಿದುಕೊಂಡು ತಪ್ಪಾಯಿತು ಎಂದೆ. ಅವಳಿಗೂ ಸಮಾಧಾನವಾಯಿತು. "ನಾಳೆ ಅಲ್ಲಿ ಹೆಂಗ ಹೇಳ್ತೀರಿ ಅಕ್ಕಾರ?" ಎಂದು ಕೇಳಿದಳು. ಉರು ಹೊಡೆಯುವುದಿಲ್ಲ ಎಂದಷ್ಟೇ ಹೇಳಿದೆ.

ವೈವಾ ಹನ್ನೊಂದು ಗಂಟೆಗೆ. ಬಿಳೇಕಹಳ್ಳಿಯಿಂದ ಬಸ್ಸು ಹಿಡಿದು ಜಯನಗರ ಫೋರ್ತ್ ಬ್ಲಾಕಿನಲ್ಲಿ ಇಳಿದಾಗ ಇನ್ನೂ ಹತ್ತೂ ಆಗಿರಲಿಲ್ಲ. ಕಾಂಪ್ಲೆಕ್ಸಿನ ಎದುರು ಒಂದು ಅರ್ಧ ಕಾಫಿ ಕುಡಿದೆ. ನನಗಿಂತ ಮೊದಲು ಹೋದ ಹುಡುಗಿ ಹತ್ತೇ ನಿಮಿಷಕ್ಕೆ ನಗುತ್ತ ಹೊರಗೆ ಬಂದಳು.

ಒಳಗೆ ಸೋಮನಾಥ್ ಸರ್ ಪಕ್ಕದಲ್ಲಿ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿ ಕೂತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು, ಹತ್ತಿಯ ಸೀರೆ, ಬಿಳಿ ಕೂದಲು. ಪ್ರಬಂಧದ ಪುಟಗಳ ಮಧ್ಯೆ ಪೆನ್ನು ಇಟ್ಟುಕೊಂಡಿದ್ದರು. ಯಾವ ಪುಟ ಎಂದು ಬಾಗಿಲಿನಿಂದಲೇ ಗೊತ್ತಾಯಿತು.

"ಹದಿನೇಳನೇ ಪುಟ," ಎಂದರು ಅವರು ಇಂಗ್ಲಿಷಿನಲ್ಲಿ. "ಇದೇನು? ಅವರು ನೆಲವನ್ನು ಕೆಟ್ಟದಾಗಿ ಬರೆದರು? ವ್ಯಾಕರಣವೂ ಸರಿಯಿಲ್ಲ, ಅರ್ಥವೂ ಇಲ್ಲ."

"ನಾನು ಮೊದಲೇ ಹೇಳಿದ್ನಲ್ಲ ಮೇಡಂ," ಎಂದರು ಸೋಮನಾಥ್ ಸರ್. ನನ್ನ ಕಡೆ ತಿರುಗಿ, "ಕೂತ್ಕೊಳ್ಳಿ ಅಮ್ಮ, ಗಾಬರಿ ಆಗ್ಬೇಡಿ" ಎಂದರು.

ನಾನು ಕೂರಲಿಲ್ಲ. ನನ್ನ ಇಂಗ್ಲಿಷು ಹೇಗೆ ಎಂದರೆ, ಕೋಪ ಬಂದಾಗ ಮಾತ್ರ ಸರಾಗವಾಗಿ ಬರುತ್ತದೆ. ಅವತ್ತು ಬಂತು. ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಮೇಡಂ, ಅದು ತಪ್ಪು. ನನ್ನ ಪದ ಖರಾಬು. ಅನುವಾದ ಮಾಡಿದ ಹುಡುಗಿ ಗದಗಿನವಳು, ಅವಳ ಊರಲ್ಲಿ ಖರಾಬ ಅಂದರೆ ಕೆಟ್ಟದ್ದು. ನಮ್ಮೂರಲ್ಲಿ ಖರಾಬು ಅಂದರೆ ಸರ್ವೆಯವರು ಲೆಕ್ಕದಿಂದ ತೆಗೆದುಹಾಕಿದ ನೆಲ. ಆದರೆ ಎರಡು ದಿನ ಯೋಚನೆ ಮಾಡಿದ ಮೇಲೆ ನನಗೆ ಅನ್ನಿಸ್ತಾ ಇದೆ, ಅವಳದೂ ಸರಿ. ಮೊದಲು ನೆಲವನ್ನು ಕೆಟ್ಟದ್ದು ಅಂತ ಬರೀತಾರೆ, ಆಮೇಲೆ ಲೆಕ್ಕದಿಂದ ತೆಗೀತಾರೆ."

ಮೇಡಂ ಪೆನ್ನು ಮೇಜಿನ ಮೇಲಿಟ್ಟರು. "ಪುಸ್ತಕದಲ್ಲಿ ಎಲ್ಲಿದೆ ಇದು? ತೋರಿಸಿ."

ತೋರಿಸಿದೆ. ಪಾಳು ನೆಲ ಎಂದು ಬರೆದ ಪುಟ, ಜೋಳ ಅಗೆದ ಪುಟ, ದೇವರಿಗೆ ಕೃತಜ್ಞತೆ ಹೇಳಿದ ಸಾಲು. ಮೂರನ್ನೂ ಪಕ್ಕಪಕ್ಕ ಇಟ್ಟೆ. ಆಮೇಲೆ ನಮ್ಮ ಹನ್ನೆರಡು ಗುಂಟೆಯ ಮಾತು ಹೇಳಿದೆ. ಹಗೇವು ಎಂದರೆ ಏನು, ರಾಗಿ ಹೇಗೆ ತುಂಬುತ್ತಿದ್ದರು, ಅದರ ಮೇಲೆ ನಿಂತವನಿಗೆ ಯಾಕೆ ಏನೂ ಕಾಣುವುದಿಲ್ಲ. "ಗವರ್ನರ್ ಸುಳ್ಳುಗಾರ ಅಲ್ಲ ಮೇಡಂ. ಅವನಿಗೆ ನಿಜವಾಗಲೂ ಕಾಣಿಸಲಿಲ್ಲ. ಜೋಳ ಸಿಕ್ಕಾಗಲೂ ಬೆಳೆದವರು ಕಾಣಲಿಲ್ಲ, ಕೊಟ್ಟ ದೇವರು ಮಾತ್ರ ಕಂಡ. ಅರಣ್ಯ ಒಂದು ವಸ್ತು, ದೈವಸಂಕಲ್ಪ ಇನ್ನೊಂದು ವಸ್ತು ಅಂತ ಗೈಡಲ್ಲಿ ಬೇರೆ ಬೇರೆ ನಂಬರು ಹಾಕಿದಾರೆ. ಎರಡೂ ಒಂದೇ. ಮೊದಲನೆಯದು ಜನರನ್ನು ಅಳಿಸುತ್ತೆ, ಎರಡನೆಯದು ಅವರ ಜೋಳಕ್ಕೆ ಬೇರೆ ಒಡೆಯನ ಹೆಸರು ಬರೆಯುತ್ತೆ."

ಸೋಮನಾಥ್ ಸರ್ ಕೆಮ್ಮಿದರು. ಅವರು ಹೇಳಿದ ಮಾತಿನಲ್ಲಿ ಕೊಂಕು ಇತ್ತು: "ಅಂದ್ರೆ ನೀವು ಅಲ್ಲಿನ ಮೂಲ ಜನರ ಜಾಗದಲ್ಲಿ ನಿಂತಿದೀರಿ ಅಂತಾಯ್ತು. ಬಿಳೇಕಹಳ್ಳೀಲಿ ಮೂರು ಅಂತಸ್ತು ಕಟ್ಕೊಂಡು."

ನಾನು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟೆ.

"ಇಲ್ಲ ಸರ್. ನಾನು ಎರಡೂ ಕಡೆ ನಿಂತಿದೀನಿ. ಆ ಹಗೇವಿಗೆ ಇಳಿಯೋನು ಪಿಳ್ಳಪ್ಪ ಅಂತ. ಅವನ ಗುಡಿಸಲು ಅದೇ ಹನ್ನೆರಡು ಗುಂಟೆಯಲ್ಲಿತ್ತು. ನಮಗೆ ಸೈಟು ಬಂತು, ಅವನಿಗೆ ಏನೂ ಬರಲಿಲ್ಲ. ಅವನಿದ್ದದ್ದು ಖರಾಬಲ್ಲಿ ಅಂತ ನಮ್ಮ ಮನೆಯವರೇ ಹೇಳಿದರು. ಸರ್ವೆಯವರ ಪದಾನ ನಾವೇ ತಗೊಂಡು ಅವನ ಮೇಲೆ ಬರೆದ್ವಿ. ಅದಕ್ಕೇ ನನಗೆ ಗವರ್ನರ್ ಅರ್ಥ ಆಗ್ತಾನೆ. ಅವನು ನಮ್ಮ ಮನೆಯೋನೇ."

"ಮತ್ತೆ ಪಿಳ್ಳಪ್ಪನ ಕಥೆ?" ಎಂದರು ಮೇಡಂ, ಮೆಲ್ಲಗೆ.

"ಯಾರೂ ಬರೀಲಿಲ್ಲ ಮೇಡಂ. ಅಮೆರಿಕದಲ್ಲಿ ಆ ಗುಲಾಮ ಅಕ್ಷರ ಕಲಿತು ತನ್ನ ಕಥೆ ತಾನೇ ಬರೆದ. ಅದಕ್ಕೇ ನನ್ನ ಕೊನೆಯ ಅಧ್ಯಾಯ ಅವನದು. ಬರೆಯುವವನು ಎಲ್ಲಿ ನಿಂತು ಬರೀತಾನೆ ಅನ್ನೋದು ಆ ಕಾಲದ ಸಾಹಿತ್ಯದ ಮೊದಲನೇ ವಸ್ತು. ಗೈಡಲ್ಲಿ ಅದಕ್ಕೆ ನಂಬರೇ ಇಲ್ಲ."

"ಸ್ವಲ್ಪ ಶೈಲಿ ಸುಧಾರಿಸ್ಬೇಕು," ಎಂದರು ಸೋಮನಾಥ್ ಸರ್. ಅವರಿಗೆ ಏನಾದರೂ ಹೇಳಲೇಬೇಕಿತ್ತು.

"ಸರ್, ಅಲಂಕಾರ ಬೇಡ, ನೇರವಾಗಿ ಹೇಳು ಅನ್ನೋದು ಈ ಲೇಖಕರದೇ ಪಾಠ. ಹೋದ ಸಲ ನೀವು ನನ್ನ ಮಾತಲ್ಲಿ ಹೇಳಿ ಅಂದ್ರಿ. ಇದೇ ನನ್ನ ಮಾತು."

ಮೇಡಂ ನಕ್ಕುಬಿಟ್ಟರು. ಜೋರಾಗಿ, ತಲೆ ಹಿಂದಕ್ಕೆ ಹಾಕಿ. ಸೋಮನಾಥ್ ಸರ್ ಮುಖ ಮೊದಲು ಬಿಗಿಯಾಯಿತು, ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ನಾನು ಆಗ ಕೂತೆ.

ಮೂವತ್ತೈದು ನಿಮಿಷವಾಗಿತ್ತು. ಮೇಡಂ ಹದಿನೇಳನೇ ಪುಟವನ್ನು ಮತ್ತೆ ಬಿಚ್ಚಿ, "ಈಗ ಇಲ್ಲಿ ಏನು ಬರೀತೀರಿ?" ಎಂದು ಕೇಳಿದರು.

"ಖರಾಬು ಅಂತಲೇ ಬರೀತೀನಿ. ಇಂಗ್ಲಿಷಲ್ಲಿ ಅದಕ್ಕೆ ಪದ ಇಲ್ಲ."

"ಬರೀರಿ. ಕೆಳಗೆ ಅಡಿಟಿಪ್ಪಣಿ ಹಾಕಿ. ಹುಡುಗಿ ಮಾಡಿದ ತಪ್ಪನ್ನೂ ಸೇರಿಸಿ, ಅದು ಬಿಟ್ಟುಹೋಗಬಾರದು. ಪಿಳ್ಳಪ್ಪನ ಮಾತೂ ಇರಲಿ. ಆದರೆ ಆಕರ ಕೊಡಬೇಕು. ಹಗೇವಿನ ವಿಷಯ, ಖರಾಬಿನ ವಿಷಯ ಯಾವ ಪುಸ್ತಕದಲ್ಲಿ ಓದಿದ್ರಿ?"

"ಪುಸ್ತಕ ಅಲ್ಲ ಮೇಡಂ. ನಮ್ಮತ್ತೆ ಹೇಳಿದ್ದು. ಅವರಿಗೆ ಓದು ಬರಲ್ಲ."

ನಾನು ಮತ್ತೆ ಸೋತೆ ಎಂದುಕೊಂಡೆ. ಆಗ ಸೋಮನಾಥ್ ಸರ್ ತಮ್ಮ ಪೆನ್ನಿನ ಮುಚ್ಚಳ ತೆಗೆದು, ಮುಂದಿದ್ದ ಕಾಗದ ಎಳೆದುಕೊಂಡು, "ಮೌಖಿಕ ಆಕರಕ್ಕೂ ಕ್ರಮ ಇದೆ. ಹೆಸರು, ವಯಸ್ಸು, ಊರು, ಹೇಳಿದ ತಾರೀಖು. ಗ್ರಂಥಸೂಚಿಯಲ್ಲಿ ಸೇರಿಸಬೇಕು. ನಾನೇ ಬರೆದುಕೊಡ್ತೀನಿ" ಎಂದರು. "ಹೆಸರಿನ ಸ್ಪೆಲಿಂಗ್ ಹೇಳಿ ಅಮ್ಮ."

ಹೇಳಿದೆ. ಅವರು ದುಂಡಗೆ ಬರೆದು, ಒಂದು ಸಲ ನನ್ನ ಕಡೆ ತಿರುಗಿಸಿ ತೋರಿಸಿ, ಸರಿಯಿದೆಯಾ ಎಂದು ಕೇಳಿದರು. ಆಮೇಲೆ ನನ್ನನ್ನು ಹೊರಗೆ ಕಳಿಸಿದರು. ಕಾರಿಡಾರಿನ ಬೆಂಚಿನಲ್ಲಿ ಹದಿನೈದು ನಿಮಿಷ ಕೂತೆ. ಬಾಗಿಲು ತೆರೆದು ಸೋಮನಾಥ್ ಸರ್ ಬಂದಾಗ ಎದ್ದು ನಿಂತೆ.

"ಅಮ್ಮ," ಎಂದು ನಿಲ್ಲಿಸಿ, "ಸೌಮ್ಯ ಅವರೇ," ಎಂದರು. "ಡಿಸ್ಟಿಂಕ್ಷನ್. ತಿದ್ದುಪಡಿ ಮಾಡಿ ಲೈಬ್ರರಿಗೆ ಒಂದು ಪ್ರತಿ ಕೊಡಿ, ಮುಂದಿನ ಬ್ಯಾಚಿನವರಿಗೆ ನಾನು ಓದಿಸ್ಬೇಕು."

ಅಳುವುದಿಲ್ಲ ಎಂದುಕೊಂಡಿದ್ದೆ. ಕಾರಿಡಾರಿನಲ್ಲೇ, ಹುಡುಗ ಹುಡುಗಿಯರೆಲ್ಲ ನೋಡುತ್ತಿರುವಾಗ, ಗೊಳೋ ಎಂದು ಅತ್ತುಬಿಟ್ಟೆ. ಅಷ್ಟು ಸಂತೋಷ ನನ್ನ ಜೀವನದಲ್ಲಿ ಎರಡು ಸಲ ಆಗಿದೆ. ಇನ್ನೊಂದು ಲಿಖಿತಾ ಹುಟ್ಟಿದಾಗ.

ತಿದ್ದಿದ ಪ್ರತಿ ಹತ್ತು ದಿನಕ್ಕೆ ಬೈಂಡಾಗಿ ಬಂತು. ಕೆಂಪು ರಟ್ಟು, ಬಂಗಾರದ ಅಕ್ಷರ. ಭಾನುವಾರ ಬೆಳಗ್ಗೆ ಎಲ್ಲರನ್ನೂ ಟೆರೇಸಿಗೆ ಕರೆದೆ. ಪ್ರಿಯಾಂಕಾ ಮೊದಲು ಅಡಿಟಿಪ್ಪಣಿ ನೋಡಿ ತನ್ನ ಹೆಸರಿನ ಮೇಲೆ ಬೆರಳಿಟ್ಟು ನಕ್ಕಳು. ನಾನು ಕೊನೆಯ ಪುಟ ತೆಗೆದೆ. ನಾನು ಓದಿದ ಲೇಖಕರ ಹೆಸರೆಲ್ಲ ಅಲ್ಲಿ ಇಂಗ್ಲಿಷ್ ಅಕ್ಷರದ ಕ್ರಮದಲ್ಲಿದ್ದವು. ಅತ್ತೆಯ ಪಕ್ಕ ಕೂತು, ಅವರ ಬೆರಳು ಹಿಡಿದು, ಬಿ ಅಕ್ಷರದ ಹೆಸರುಗಳ ಮೇಲಿಟ್ಟೆ.

"ಇಲ್ಲಿ ನೋಡಿ ಅತ್ತೆ. ಇವನು ಗವರ್ನರ್, ಹಡಗಲ್ಲಿ ಬಂದೋನು. ಇವಳು ಎಂಟು ಮಕ್ಕಳ ತಾಯಿ, ಪದ್ಯ ಬರೆದೋಳು. ಅವಳ ಕೆಳಗೆ ಇದು ನೀವು. ಬೈರಮ್ಮ, ಎಪ್ಪತ್ತೇಳು ವರ್ಷ, ಬಿಳೇಕಹಳ್ಳಿ."

ಅತ್ತೆ ಬೆರಳು ತೆಗೆಯಲಿಲ್ಲ. ಆ ಸಾಲಿನ ಮೇಲೆ ಒಂದು ಸಲ ಎಡದಿಂದ ಬಲಕ್ಕೆ, ಇನ್ನೊಂದು ಸಲ ಬಲದಿಂದ ಎಡಕ್ಕೆ ಸವರಿದರು.

"ನಿಜ್ವಾಗ್ಲೂ ನನ್ದೇನಾ? ಅಚ್ಚಾಗೈತಾ?"

"ಅಚ್ಚಾಗಿದೆ ಅತ್ತೆ. ಕಾಲೇಜಿನ ಲೈಬ್ರರೀಲಿ ಇಡ್ತಾರೆ."

ಬೈರಮ್ಮ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಟೆರೇಸಿನ ಅಂಚಿಗೆ ಹೋಗಿ, ಕೆಳಗೆ ಬೈಕು ತೊಳೆಯುತ್ತಿದ್ದ ಮಗನಿಗೆ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು:

"ಲೋ ನಂದಾ! ನಿಮ್ಮಪ್ಪನ ಹೆಸ್ರು ಪಾಣೀಲಿತ್ತು, ಜಮೀನ್ ಹೋದಾಗ ಅದ್ನ ಹೊಡ್ದಾಕುದ್ರು. ನನ್ ಹೆಸ್ರು ಪುಸ್ತಕ್ದಲ್ಲೈತೆ. ಬಂದು ನೋಡ್ಲಾ, ಇದ್ನ ಯಾವನ್ ಬಂದು ಅಳಿಸ್ತಾನೋ ಅಳಿಸ್ಲಿ!"